ಬೀಳಿಸುವುದೂ ಅದೇ, ನಿಲ್ಲಿಸುವುದೂ ಅದೇ

ಕೆ.ಆರ್. ಪೇಟೆಯ ಮಗ್ಗುಲಲ್ಲೇ ಇರುವ ಹೊಸಹೊಳಲಿಗೆ ಶಾಲಾ ಪ್ರವಾಸದ ಬಸ್ಸುಗಳು ಹೆಚ್ಚಾಗಿ ಬರುವುದು ಡಿಸೆಂಬರ್, ಜನವರಿಯಲ್ಲಿ. ಅಲ್ಲಿನ ಲಕ್ಷ್ಮೀನಾರಾಯಣ ಗುಡಿ ಹೊಯ್ಸಳ ವೀರ ಸೋಮೇಶ್ವರನ ಕಾಲದ್ದು, ಹದಿಮೂರನೇ ಶತಮಾನದ ನಡುಭಾಗದ ತ್ರಿಕೂಟ. ಅಂಥ ಒಂದು ದಿನ ನಾನು ನವರಂಗದ ತಂಪಿನಲ್ಲಿ ಕೂತಿದ್ದೆ. ಹೊರಗೋಡೆಯ ಆನೆ, ಕುದುರೆ, ಮಕರ, ಹಂಸಗಳನ್ನು ಎಣಿಸುತ್ತಾ ಒಂದು ಸುತ್ತು ಮುಗಿಸಿದ ಏಳನೇ ತರಗತಿಯ ಮಕ್ಕಳು ಒಳಗೆ ನುಗ್ಗಿ, ಕಡೆದ ಕಂಬಗಳನ್ನು ಸವರುತ್ತಾ ನಿಂತರು.

‘ಮಿಸ್, ಇದ್ಕೆ ಸಿಮೆಂಟ್ ಹಾಕಿಲ್ವಾ?’

‘ಇಲ್ಲ ಕಣಪ್ಪ. ಕಲ್ಲಿನ ಮೇಲೆ ಕಲ್ಲು, ಅಷ್ಟೆ.’

‘ಮತ್ತೆ ಹೆಂಗ್ ನಿಂತೈತೆ?’

‘ಅದರ ತೂಕಕ್ಕೇ ನಿಂತಿದೆ. ಗುರುತ್ವಾಕರ್ಷಣೆ.’

ಹುಡುಗ ತಲೆ ಎತ್ತಿ ಚಾವಣಿ ನೋಡಿದ. ‘ಬೀಳ್ಸೋದೂ ಅದೇ ಅಲ್ವಾ ಮಿಸ್?’

ಮೇಡಂ ನಕ್ಕರು. ಬಸ್ಸಿಗೆ ಹೊತ್ತಾಗಿತ್ತು. ಆದರೆ ಆ ಹುಡುಗ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಬೀಳುವುದಕ್ಕೂ ನಿಲ್ಲುವುದಕ್ಕೂ ಒಂದೇ ಹೆಸರು ಹೇಳಿ ಮುಗಿಸಿದಾಗ ಮಗುವಿನ ತಲೆಯಲ್ಲಿ ಉಳಿಯುವುದೇನು? ಜಗತ್ತಿನ ಕೆಲವು ಕಡೆ ಕಳೆದ ಒಂದೆರಡು ದಶಕಗಳಿಂದ ಶಿಕ್ಷಕರೂ ಭೌತವಿಜ್ಞಾನಿಗಳೂ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಿದ್ದಾರೆ: 1687ರ ನ್ಯೂಟನ್‌ನಲ್ಲೇ ಪಾಠ ನಿಲ್ಲಿಸಬೇಕೆ, ಇಲ್ಲ 1915ರ ಐನ್‌ಸ್ಟೈನ್ ಕಂಡ ಗುರುತ್ವವನ್ನು ಹನ್ನೆರಡು ಹದಿಮೂರರ ಮಕ್ಕಳಿಗೂ ಹೇಳಬಹುದೆ? ಹೇಳುವುದಾದರೆ ಯಾವ ತುದಿಯಿಂದ ಶುರು ಮಾಡಬೇಕು?

ನಮ್ಮ ಪಠ್ಯದ ಸ್ಥಿತಿ ಬೇಗ ಹೇಳಿ ಮುಗಿಸಬಹುದು. ಎನ್‌ಸಿಇಆರ್‌ಟಿ ಆಧರಿಸಿದ ರಾಜ್ಯ ಪಠ್ಯದಲ್ಲಿ ಎಂಟನೇ ತರಗತಿಯ ‘ಬಲ ಮತ್ತು ಒತ್ತಡ’ ಪಾಠದೊಳಗೆ ಗುರುತ್ವ ಬಲ ಒಂದೆರಡು ಪ್ಯಾರಾಗಳಲ್ಲಿ ಬಂದು ಹೋಗುತ್ತದೆ. ಒಂಬತ್ತನೇ ತರಗತಿಯಲ್ಲಿ ಪೂರ್ತಿ ಅಧ್ಯಾಯವಿದೆ: ನ್ಯೂಟನ್ ನಿಯಮ, ಮುಕ್ತ ಪತನ, ರಾಶಿ ಮತ್ತು ತೂಕ, 9.8 ಎಂಬ ಸಂಖ್ಯೆ. ಪಿಯುಸಿ ಮುಗಿಸಿದರೂ ಐನ್‌ಸ್ಟೈನ್ ಗುರುತ್ವಕ್ಕೆಂದು ಒಂದು ಅಧ್ಯಾಯ ಸಿಗುವುದಿಲ್ಲ. ಕಪ್ಪುಕುಳಿ, ಗುರುತ್ವದ ಅಲೆ ಎಲ್ಲ ಮಕ್ಕಳಿಗೆ ಸಿಗುವುದು ಯೂಟ್ಯೂಬಿನಲ್ಲಿ, ಅದೂ ಸಿನಿಮಾ ಸಂಗೀತದ ಜೊತೆ.

ಹಾಗೆಂದು ನ್ಯೂಟನ್ ಹಳಬನಾದ, ತೆಗೆದುಹಾಕಿ ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಅವನ ಗುರುತ್ವ ಏನು ಮಾಡಬಲ್ಲದು ಎಂದು ತೋರಿಸಲು ಈ ಭಾಗದ ಮಕ್ಕಳನ್ನು ದೂರ ಕರೆದೊಯ್ಯಬೇಕಿಲ್ಲ. ಕನ್ನಂಬಾಡಿ ಕಟ್ಟೆ ಇದೆ. 1911ರಲ್ಲಿ ಶುರುವಾಗಿ 1932ರಲ್ಲಿ ಮುಗಿದ ಈ ಅಣೆಕಟ್ಟನ್ನು ಎಂಜಿನಿಯರುಗಳು ಗುರುತ್ವ ಅಣೆಕಟ್ಟೆಂದೇ ಕರೆಯುತ್ತಾರೆ. 124.80 ಅಡಿ ನೀರು ಹಿಂದಿನಿಂದ ನೂಕುತ್ತಿದ್ದರೂ ಕಲ್ಲುಗಾರೆಯ ಗೋಡೆ ಅಲುಗದಿರುವುದು ತನ್ನ ತೂಕದಿಂದ. ಹೊಸಹೊಳಲಿನ ಕಂಬ ನಿಂತದ್ದೂ ಹಾಗೇ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲಿಳಿದ ದಾರಿಯ ಲೆಕ್ಕದ ಬೆನ್ನೆಲುಬೂ ನ್ಯೂಟನ್ನನೇ. ‘ಹಂಗಾದ್ರೆ ನ್ಯೂಟನ್ ತಪ್ಪಾ ಸಾರ್?’ ಎಂದು ಕೇಳುವ ಮಗುವಿಗೆ ಕಟ್ಟೆ ತೋರಿಸಿ ಇಲ್ಲ ಅನ್ನಬಹುದು. ಲೆಕ್ಕ ಸರಿ, ಕಾರಣ ಮಾತ್ರ ಬಾಕಿ ಇತ್ತು. ಸೂರ್ಯ ಅಷ್ಟು ದೂರದಿಂದ ನಡುವೆ ಏನೂ ಇಲ್ಲದೆ ಭೂಮಿಯನ್ನು ಹೇಗೆ ಎಳೆಯುತ್ತಾನೆ ಎಂಬುದು ಸ್ವತಃ ನ್ಯೂಟನ್ನನಿಗೇ ಜೀರ್ಣವಾಗಿರಲಿಲ್ಲ. ರಿಚರ್ಡ್ ಬೆಂಟ್ಲಿಗೆ ಬರೆದ ಪತ್ರದಲ್ಲಿ ಅದನ್ನು ಅಸಂಬದ್ಧವೆಂದೇ ಹೇಳಿಕೊಂಡಿದ್ದಾನೆ. ಈ ಸಂಗತಿಯನ್ನು ಏಳನೇ ತರಗತಿಯಲ್ಲಿ ಹೇಳಬೇಕು. ದೊಡ್ಡ ವಿಜ್ಞಾನಿಗೂ ಅನುಮಾನ ಉಳಿದಿತ್ತು ಎಂದರೆ ಮಕ್ಕಳ ಮುಖ ಅರಳುತ್ತದೆ.

ಹೊರಗೆ ಏನೇನು ನಡೆದಿದೆ? ಹೆಚ್ಚು ದೂರ ಹೋದವರು ಪಶ್ಚಿಮ ಆಸ್ಟ್ರೇಲಿಯಾದವರು. ಗುರುತ್ವದ ಅಲೆಗಳನ್ನು ಹುಡುಕುವುದರಲ್ಲೇ ಬದುಕು ಸವೆಸಿದ ಡೇವಿಡ್ ಬ್ಲೇರ್ ಮತ್ತು ಸಂಗಡಿಗರು ಅಲ್ಲಿನ ವಿಶ್ವವಿದ್ಯಾಲಯದಿಂದ ‘ಐನ್‌ಸ್ಟೈನ್ ಫಸ್ಟ್’ ಯೋಜನೆ ನಡೆಸುತ್ತಿದ್ದಾರೆ. ಹಳತನ್ನು ಕಲಿಸಿ ಆಮೇಲೆ ಅದನ್ನು ಅಳಿಸುವುದೇಕೆ, ಪ್ರಾಥಮಿಕ ಶಾಲೆಯಿಂದಲೇ ಹೊಸದನ್ನು ಆಟದಲ್ಲಿ ಕಲಿಸಿ ಎಂಬುದು ಅವರ ವಾದ. ಅವರಲ್ಲಿ ಆರನೇ ತರಗತಿಯ ಮಕ್ಕಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ಮಕ್ಕಳು ಈ ವಿಚಾರಗಳಿಗೆ ಬೆದರುವುದಿಲ್ಲ ಎಂದು ತೋರಿಸಿತು. ಪರ್ತ್ ನಗರದ ಉತ್ತರಕ್ಕೆ ಗಿನ್‌ಗಿನ್‌ನಲ್ಲಿ 45 ಮೀಟರಿನ ಒಂದು ವಾಲುಗೋಪುರವನ್ನೇ ಕಟ್ಟಿದ್ದಾರೆ. ಮಕ್ಕಳು ಮೇಲೆ ಹತ್ತಿ ನೀರು ತುಂಬಿದ ಬಲೂನುಗಳನ್ನು ಕೆಳಗೆ ಬಿಡುತ್ತಾರೆ. ನಮ್ಮಲ್ಲಿ ಯಾರಾದರೂ ಇದಕ್ಕೆ ಅನುದಾನ ಕೇಳಿದರೆ ಕಡತ ಎಷ್ಟು ಟೇಬಲ್ಲು ಸುತ್ತೀತು ಎಂದು ಯೋಚಿಸಿದೆ, ಬಿಟ್ಟೆ.

ನಾರ್ವೆಯವರ ದಾರಿ ಬೇರೆ. ಅಲ್ಲಿ ಪ್ರೌಢಶಾಲೆಯ ಕೊನೆಯ ಹಂತದ ಮಕ್ಕಳು ಪರಸ್ಪರ ಮಾತಾಡುತ್ತಾ ಕಲಿಯುವುದನ್ನು ಮಾಗ್ದಲೇನಾ ಕೆರ್ಸ್ಟಿಂಗ್ ಮತ್ತಿತರರು ಗಮನವಿಟ್ಟು ಕೇಳಿದರು. ಮಕ್ಕಳಿಗೆ ಎಡವಟ್ಟಾದದ್ದು ಗಣಿತದಲ್ಲಲ್ಲ, ಹಿಗ್ಗುವ ಬಟ್ಟೆಯಲ್ಲಿ. ಈ ಬಟ್ಟೆಯ ಬಗ್ಗೆ ಕೊಂಚ ನಿಂತು ಮಾತಾಡಬೇಕು, ಏಕೆಂದರೆ ನಮ್ಮ ವಿಜ್ಞಾನ ಮೇಳಗಳಲ್ಲೂ ಈಗ ಅದೇ ರಾಜ.

ಲೈಕ್ರಾ ಬಟ್ಟೆಯನ್ನೋ ನೈಲಾನ್ ಸೀರೆಯನ್ನೋ ನಾಲ್ಕು ಮೂಲೆ ಹಿಡಿದು ಬಿಗಿಯಾಗಿ ಎಳೆದು, ನಡುವೆ ಒಂದು ಗುಂಡು ಇಡುತ್ತಾರೆ. ಬಟ್ಟೆ ಜಗ್ಗುತ್ತದೆ. ಗೋಲಿ ಬಿಟ್ಟರೆ ಅದು ಗುಂಡನ್ನು ಸುತ್ತುತ್ತಾ ಒಳಗಿಳಿಯುತ್ತದೆ. ‘ಇದೇ ಬಾಗಿದ ದೇಶಕಾಲ’ ಎಂದು ಘೋಷಿಸಿದರೆ ಚಪ್ಪಾಳೆ. ಜಾಣ ಮಗು ಒಂದೇ ಕೇಳುತ್ತದೆ: ಗುಂಡು ಬಟ್ಟೆಯನ್ನು ಜಗ್ಗಿಸಿದ್ದು ಯಾಕೆ? ಕೆಳಗೆ ಭೂಮಿ ಎಳೆಯಿತು ಅಂತ. ಅಂದರೆ ಗುರುತ್ವವನ್ನು ವಿವರಿಸಲು ಗುರುತ್ವವನ್ನೇ ಕರೆತಂದೆವು. ಸಾಲ ತೀರಿಸಲು ಅದೇ ಸಾಹುಕಾರನ ಹತ್ತಿರ ಸಾಲ ತಂದ ಹಾಗೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಬಟ್ಟೆ ತೋರಿಸುವುದು ಬಾಗಿದ ಜಾಗವನ್ನು. ಕೈಯಿಂದ ಬಿಟ್ಟ ಕಲ್ಲು ನೆಲ ಸೇರುವುದರಲ್ಲಿ ಬಾಗಿದ ಜಾಗದ ಪಾತ್ರ ಇಲ್ಲವೆನ್ನುವಷ್ಟು ಕಡಿಮೆ. ಕೆಲಸ ಮಾಡುವುದು ಕಾಲ. ಮಕ್ಕಳು ಬಟ್ಟೆಯನ್ನು ನೋಡಿ ಕಾಲವನ್ನು ಮರೆತುಬಿಡುತ್ತಾರೆ ಎಂಬುದೇ ನಾರ್ವೆಯವರು ಕಂಡುಕೊಂಡ ತೊಡಕು. ಜರ್ಮನಿಯ ಉಟೆ ಕ್ರೌಸ್ ಮತ್ತು ಕೊರ್ವಿನ್ ಜಾನ್ ಬಟ್ಟೆ ಬಿಟ್ಟು ಕಾಗದದ ತುಂಡುಗಳನ್ನು ಕತ್ತರಿಸಿ ಜೋಡಿಸುವ ಮಾದರಿ ಮಾಡಿದ್ದಾರೆ. ನಮ್ಮಲ್ಲಿ ಅದಕ್ಕಿಂತ ಸುಲಭದ್ದು ಮಡಕೆ. ಬೋರಲು ಹಾಕಿದ ಮಡಕೆಯ ಹೊಟ್ಟೆಯಿಂದ ಎರಡು ಸಪೂರ ಕಾಗದದ ಪಟ್ಟಿಗಳನ್ನು ಅಕ್ಕಪಕ್ಕ, ಎಲ್ಲೂ ಸುಕ್ಕಾಗದಂತೆ ನೇರ ಮೇಲಕ್ಕೆ ಅಂಟಿಸುತ್ತಾ ಹೋಗಿ. ಎರಡೂ ನೇರವೇ, ಯಾರೂ ಎಳೆದಿಲ್ಲ, ಆದರೂ ಹತ್ತಿರವಾಗಿ ಕೂಡಿಕೊಳ್ಳುತ್ತವೆ. ನೇರ ದಾರಿ ಕೂಡಿಕೊಳ್ಳಲು ಎಳೆತ ಬೇಕಿಲ್ಲ, ಮೈ ದುಂಡಾಗಿದ್ದರೆ ಸಾಕು ಎಂಬುದು ಬೆರಳಿಗೇ ತಿಳಿಯುತ್ತದೆ.

ಕಾಲದ ಮಾತಿಗೆ ಎತ್ತಿನ ಗಾಡಿ ಸಾಕು. ಗದ್ದೆ ಬಯಲಿನ ದಾರಿಯಲ್ಲಿ ಗಾಡಿಯ ಒಂದು ಗಾಲಿ ಕೆಸರಿಗೆ ಸಿಕ್ಕಿದರೆ ಏನಾಗುತ್ತದೆ? ಆ ಗಾಲಿ ನಿಧಾನವಾಗಿ, ಇನ್ನೊಂದು ಓಡಿ, ಗಾಡಿ ಕೆಸರಿನ ಕಡೆಗೇ ತಿರುಗುತ್ತದೆ. ಮಂಡ್ಯದ ಯಾವ ಮಗುವಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭೂಮಿಯ ಹತ್ತಿರ ಕಾಲ ತುಸು ನಿಧಾನ, ಮೇಲೆ ತುಸು ಬೇಗ. ವಸ್ತುವಿನ ದಾರಿ ಕಾಲ ನಿಧಾನವಿರುವ ಕಡೆಗೆ ವಾಲುತ್ತದೆ. ಅದನ್ನೇ ನಾವು ಬೀಳುವುದು ಎನ್ನುತ್ತೇವೆ. ಇದು ಹೋಲಿಕೆ ಮಾತ್ರ, ಕಾಲ ಕೆಸರಲ್ಲ. ಆದರೆ ಬಟ್ಟೆಯ ಹೋಲಿಕೆಗಿಂತ ಸತ್ಯಕ್ಕೆ ಎಷ್ಟೋ ಹತ್ತಿರ.

‘ಕಾಲ ನಿಧಾನ ಅಂದ್ರೆ ಸುಮ್ನೆ ಹೇಳೋದಾ, ಅಳ್ದವ್ರೆಯಾ?’ ಎಂಬ ಪ್ರಶ್ನೆಗೆ ಉತ್ತರ ಗಟ್ಟಿಯಾಗಿದೆ. 1960ರ ಹೊತ್ತಿಗೆ ಪೌಂಡ್ ಮತ್ತು ರೆಬ್ಕಾ ಹಾರ್ವರ್ಡಿನ ಒಂದು ಗೋಪುರದಲ್ಲಿ ಸುಮಾರು 22.5 ಮೀಟರ್ ಎತ್ತರದ ವ್ಯತ್ಯಾಸದಲ್ಲೇ ಇದನ್ನು ಹಿಡಿದರು. 2010ರಲ್ಲಿ ಅಮೆರಿಕದ ಗಡಿಯಾರ ತಜ್ಞರು ಒಂದು ಗಡಿಯಾರವನ್ನು ಇನ್ನೊಂದಕ್ಕಿಂತ 33 ಸೆಂಟಿಮೀಟರ್ ಎತ್ತರಿಸಿಟ್ಟು ಅದು ಬೇಗ ಓಡುವುದನ್ನು ಕಂಡರು. ಲೆಕ್ಕ ಹಾಕಿ ನೋಡಿದೆ: ಮುಳ್ಳಯ್ಯನಗಿರಿಯ ನೆತ್ತಿಯಲ್ಲೊಂದು, ಮಂಗಳೂರಿನ ಕಡಲ ದಂಡೆಯಲ್ಲೊಂದು ಗಡಿಯಾರ ಇಟ್ಟರೆ ಒಂದು ವರ್ಷಕ್ಕೆ ಬೆಟ್ಟದ್ದು ಆರೇಳು ಮೈಕ್ರೊಸೆಕೆಂಡ್ ಮುಂದೆ ಹೋಗಿರುತ್ತದೆ. ನಿಮ್ಮ ತಲೆಗೂ ಪಾದಕ್ಕೂ ವಯಸ್ಸು ಒಂದೇ ಅಲ್ಲ. ಇದನ್ನು ಹೇಳಿದಾಗ ತರಗತಿಯಲ್ಲಿ ಏಳುವ ಗದ್ದಲ ಯಾವ ಲೈಕ್ರಾ ಬಟ್ಟೆಗೂ ಏಳುವುದಿಲ್ಲ.

ಮೈಕ್ರೊಸೆಕೆಂಡು ಕಟ್ಟಿಕೊಂಡು ನಮಗೇನು ಎನ್ನುವವರ ಜೇಬಿನಲ್ಲೇ ಉತ್ತರವಿದೆ. ಮೊಬೈಲಿನ ಜಿಪಿಎಸ್ ನೋಡಿ ಹೊಸಹೊಳಲಿಗೆ ಹೊರಟಿದ್ದೀರಿ ಎನ್ನಿ. ಮೇಲಿನ ಉಪಗ್ರಹದ ಗಡಿಯಾರ ಎತ್ತರದ ದೆಸೆಯಿಂದ ದಿನಕ್ಕೆ 45 ಮೈಕ್ರೊಸೆಕೆಂಡ್ ಮುಂದೋಡುತ್ತದೆ, ತನ್ನ ವೇಗದ ದೆಸೆಯಿಂದ 7 ಹಿಂದೆ ಬೀಳುತ್ತದೆ. ಕಳೆದರೆ 38. ಬೆಳಕು ಅಷ್ಟರಲ್ಲಿ ಹನ್ನೊಂದು ಕಿಲೋಮೀಟರಿಗೂ ಹೆಚ್ಚು ಹೋಗಿಬಿಡುತ್ತದೆ. ತಿದ್ದದೆ ಬಿಟ್ಟರೆ ಉಪಗ್ರಹ ಎಷ್ಟು ದೂರವಿದೆ ಎಂಬ ಲೆಕ್ಕ ಒಂದೇ ದಿನದಲ್ಲಿ ಅಷ್ಟು ಕೆಡುತ್ತದೆ. 1977ರಲ್ಲಿ ಹಾರಿಸಿದ ಎನ್‌ಟಿಎಸ್-2 ಎಂಬ ಪರೀಕ್ಷಾ ಉಪಗ್ರಹದಲ್ಲಿ ಈ ತಿದ್ದುಪಡಿಯ ಯಂತ್ರ ಇಟ್ಟಿದ್ದರೂ ಮೊದಲು ಆಫ್ ಮಾಡಿಯೇ ಬಿಟ್ಟಿದ್ದರು. ಇಪ್ಪತ್ತು ದಿನ ನೋಡಿದರು, ಗಡಿಯಾರ ಐನ್‌ಸ್ಟೈನ್ ಹೇಳಿದಷ್ಟೇ ಓಡಿತ್ತು, ಸ್ವಿಚ್ ಹಾಕಿದರು. ನಮ್ಮದೇ ನಾವಿಕ್ ಉಪಗ್ರಹಗಳ ಸಂಚಾರ ಕೇಂದ್ರ ಬಿಡದಿ ಹತ್ತಿರದ ಬ್ಯಾಲಾಳಿನಲ್ಲಿದೆ. ಮೈಸೂರು ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗುವ ಮಂಡ್ಯದ ಮಕ್ಕಳು ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಮುಂದೆ ಹೋಗುತ್ತಾರೆ. ಆ ಬಸ್ಸಿನಲ್ಲಿ ಹತ್ತು ನಿಮಿಷ ಈ ಕತೆ ಹೇಳುವುದಕ್ಕೆ ಯಾರ ಅನುಮತಿಯೂ ಬೇಡ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ: ಪದ. ‘ಗುರುತ್ವಾಕರ್ಷಣೆ’ ಎಂಬ ಪದದಲ್ಲಿ ಆಕರ್ಷಣೆ ಹೊಲಿದುಬಿಟ್ಟಿದೆ. ಮಗು ಈ ಪದ ಕಲಿತ ಕ್ಷಣವೇ ಸಿದ್ಧಾಂತವೂ ಒಳಹೊಕ್ಕಿತು. ಆಕರ್ಷಣೆ ಎಂದರೆ ಅದಕ್ಕೆ ಗೊತ್ತಿರುವುದು ಬಟ್ಟೆ ಅಂಗಡಿಯ ಆಕರ್ಷಕ ರಿಯಾಯಿತಿ ಮತ್ತು ಆಯಸ್ಕಾಂತ. ಹಾಗಾಗಿ ‘ಭೂಮಿಯೊಳಗೆ ದೊಡ್ಡ ಆಯಸ್ಕಾಂತ ಐತೆ’ ಎಂಬ ಉತ್ತರ ತರಗತಿಯಲ್ಲಿ ಬಂದೇ ಬರುತ್ತದೆ. ಭಾಸ್ಕರಾಚಾರ್ಯರು 1150ರ ಸಿದ್ಧಾಂತಶಿರೋಮಣಿಯಲ್ಲೇ ಭೂಮಿಯ ಆಕರ್ಷಣ ಶಕ್ತಿ ಹೇಳಿದ್ದರೆಂದು ಹೆಮ್ಮೆಪಡುವ ಮೇಷ್ಟ್ರುಗಳಿದ್ದಾರೆ. ಹೆಮ್ಮೆ ಪಡಲಿ. ಆದರೆ ಐನ್‌ಸ್ಟೈನ್ ಕೈಬಿಟ್ಟದ್ದು ಆ ಆಕರ್ಷಣೆಯನ್ನೇ ಎಂಬುದನ್ನೂ ಜೊತೆಗೆ ಹೇಳಲಿ. ‘ಗುರುತ್ವ’ ಎಂದಷ್ಟೇ ಬರೆದರೆ ಪದ ಯಾವ ಪಕ್ಷವನ್ನೂ ವಹಿಸುವುದಿಲ್ಲ. ಭಾರ ಎಂಬ ಅನುಭವಕ್ಕೆ ಹೆಸರಿಟ್ಟು ಸುಮ್ಮನಾಗುತ್ತದೆ.

ಆಡುಮಾತಿನಲ್ಲಿ ಇದಕ್ಕಿಂತ ಒಳ್ಳೆಯ ಒಂದು ಪದ ಇದೆ: ಸೆಳವು. ಹೇಮಾವತಿಯ ಸೆಳವಿನಲ್ಲಿ ಬಿಟ್ಟ ತೆಪ್ಪವನ್ನು ನೆನೆಯಿರಿ. ತೆಪ್ಪದೊಳಗೆ ಕೂತವನಿಗೆ ಯಾವ ಎಳೆತವೂ ತಿಳಿಯುವುದಿಲ್ಲ, ನೀರಿನ ಜೊತೆ ಹಾಯಾಗಿ ಸಾಗುತ್ತಾನೆ. ಅದೇ ತೆಪ್ಪವನ್ನು ದಡದ ಮರಕ್ಕೆ ಕಟ್ಟಿ ನೋಡಿ, ಹಗ್ಗ ಬಿಗಿಯುತ್ತದೆ, ತೆಪ್ಪ ನಡುಗುತ್ತದೆ. ಬೀಳುತ್ತಿರುವ ಕಲ್ಲು ಬಿಟ್ಟ ತೆಪ್ಪ. ನೆಲದ ಮೇಲೆ ನಿಂತ ನಾವು ಕಟ್ಟಿದ ತೆಪ್ಪ. ನಮಗೆ ಪಾದದಲ್ಲಿ ಗೊತ್ತಾಗುವ ಭಾರ ಭೂಮಿಯ ಎಳೆತವಲ್ಲ, ಬೀಳಗೊಡದೆ ತಡೆದ ನೆಲದ ನೂಕು. ಭೌತವಿಜ್ಞಾನಿಗಳೂ ಕಪ್ಪುಕುಳಿಯನ್ನು ವಿವರಿಸಲು ಹೊಳೆಯ ಮಾದರಿಯನ್ನು ಬಳಸಿದ್ದಾರೆ: ಸೆಳವು ಮೀನಿನ ಈಜಿಗಿಂತ ಜೋರಾದ ಗೆರೆ ದಾಟಿದರೆ ಮೀನು ಹಿಂದಿರುಗಲಾರದು, ಹಾಗೇ ಬೆಳಕೂ. ಹೇಮಗಿರಿಯಲ್ಲಿ ನೀರು ಧುಮುಕುವುದನ್ನು ನೋಡಿದ ಮಗುವಿಗೆ ಇದು ತಟ್ಟನೆ ಹೊಳೆಯುತ್ತದೆ. ಇನ್ನು ದೇಶಕಾಲ. ಭೌತವಿಜ್ಞಾನ ಜಾಗ ಮತ್ತು ಕಾಲವನ್ನು ಜೋಡಿಸಿದ್ದು ಇಪ್ಪತ್ತನೇ ಶತಮಾನದಲ್ಲಿ; ‘ದೇಶಕಾಲ ನೋಡಿ ಮಾತಾಡು’ ಎಂದು ನಮ್ಮ ಮನೆಗಳಲ್ಲಿ ಬೈಸಿಕೊಳ್ಳುವುದು ಅದಕ್ಕೂ ಹಳೆಯದು. ಇದನ್ನು ಪ್ರಾಚೀನ ಜ್ಞಾನದ ಪುರಾವೆ ಎಂದು ಯಾರೂ ಭಾಷಣ ಮಾಡಬಾರದು. ಪಾಠಕ್ಕೆ ಸಿಕ್ಕ ಒಳ್ಳೆಯ ಹಿಡಿ, ಅಷ್ಟೆ.

ಕನ್ನಡಕ್ಕೆ ಈ ಕೆಲಸ ಹೊಸದಲ್ಲ. 1910ರ ದಶಕದ ಕೊನೆಯಲ್ಲಿ, ಅತ್ತ ಐನ್‌ಸ್ಟೈನ್ ಸಿದ್ಧಾಂತ ಇನ್ನೂ ಬಿಸಿಯಾಗಿದ್ದಾಗಲೇ, ಇತ್ತ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಎಂಬ ಪತ್ರಿಕೆ ನಡೆಸಿದರು. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಬರೆದರು. ಜಿ.ಟಿ. ನಾರಾಯಣರಾಯರು ‘ಐನ್‌ಸ್ಟೈನ್ ಬಾಳಿದರಿಲ್ಲಿ’ ಬರೆದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಶಾಲೆಗಳಿಗೆ ಹೋಗುತ್ತಿತ್ತು. ಇವರೆಲ್ಲರ ನಂತರವೂ ಪಠ್ಯಪುಸ್ತಕದ ಕನ್ನಡ ಅನುವಾದದ ಕನ್ನಡವಾಗಿಯೇ ಉಳಿಯಿತು ಎಂಬುದು ನನ್ನ ದೂರು.

ಸಿ.ವಿ. ವಿಶ್ವೇಶ್ವರ ಅವರ ಕತೆಯನ್ನಂತೂ ಮಕ್ಕಳಿಗೆ ಹೇಳಲೇಬೇಕು. 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1970ರಲ್ಲಿ, ಕಪ್ಪುಕುಳಿ ಎಂಬುದು ಇದೆಯೋ ಇಲ್ಲವೋ ಎಂದು ಪಂಡಿತರೇ ಜಗಳವಾಡುತ್ತಿದ್ದ ಕಾಲದಲ್ಲಿ, ಅದನ್ನು ತಟ್ಟಿದರೆ ಹೇಗೆ ಕಂಪಿಸೀತು ಎಂದು ಲೆಕ್ಕ ಹಾಕಿದರು. ಗುಡಿಯ ಗಂಟೆ ಬಾರಿಸಿದರೆ ಮೊದಲು ಜೋರು, ಆಮೇಲೆ ಕ್ಷೀಣಿಸುತ್ತಾ ಅಡಗುವ ಒಂದು ನಾದ ಬರುತ್ತದಲ್ಲ, ಅಂಥದೇ. ನಾದ ಕೇಳಿ ಗಂಟೆ ಎಷ್ಟು ದೊಡ್ಡದೆಂದು ಹೇಳುವ ಹಾಗೆ ಆ ಕಂಪನದಿಂದ ಕಪ್ಪುಕುಳಿಯ ರಾಶಿಯನ್ನು ಹೇಳಬಹುದು. ನಲವತ್ತೈದು ವರ್ಷ ಅದು ಕಾಗದದ ಮೇಲಿತ್ತು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಯಂತ್ರಗಳು ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಕೂಡಿಕೊಂಡದ್ದರ ಅಲೆಯನ್ನು ಹಿಡಿದವು. ಅಲೆಯ ಬಾಲದಲ್ಲಿ ಆ ಅಡಗುವ ನಾದವಿತ್ತು. ವಿಶ್ವೇಶ್ವರ ಅದನ್ನು ಕಂಡು, 2017ರ ಜನವರಿಯಲ್ಲಿ ತೀರಿಕೊಂಡರು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಇವರೇ. ಪ್ರವಾಸದಲ್ಲಿ ತಾರಾಲಯಕ್ಕೆ ಹೋಗುವ ಎಷ್ಟು ಮಕ್ಕಳಿಗೆ ಈ ಹೆಸರು ಗೊತ್ತು?

ಆಕ್ಷೇಪಗಳೂ ಇವೆ, ಬಲವಾದವೇ. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಒಬ್ಬರೇ ಮೇಷ್ಟ್ರು ಗಣಿತ, ವಿಜ್ಞಾನ ಎರಡನ್ನೂ ನೋಡಿ, ಮಧ್ಯೆ ಬಿಸಿಯೂಟದ ಲೆಕ್ಕ ಬರೆದು, ತರಬೇತಿಗೂ ಹೋಗಬೇಕು. ರಾಶಿಗೂ ತೂಕಕ್ಕೂ ವ್ಯತ್ಯಾಸ ತಿಳಿಯದ ಮಗುವಿಗೆ ಬಾಗಿದ ಕಾಲ ಯಾಕೆ ಎಂದು ಅನುಭವಿ ಶಿಕ್ಷಕರು ಕೇಳುತ್ತಾರೆ. ಅವರ ಮಾತು ಅರ್ಧ ಸರಿ. ಸಂತೆಯ ತಕ್ಕಡಿಯಲ್ಲಿ ತೂಗಿದ ಒಂದು ಕೆ.ಜಿ. ಅಚ್ಚುಬೆಲ್ಲ ಚಂದ್ರನ ಮೇಲೂ ಒಂದು ಕೆ.ಜಿ.ಯೇ, ಸ್ಪ್ರಿಂಗ್ ತಕ್ಕಡಿಯಲ್ಲಿ ಮಾತ್ರ ಆರರಲ್ಲೊಂದು ಪಾಲು ಎಂಬುದನ್ನು ಮೊದಲು ಕಲಿಸಲೇಬೇಕು. ಆದರೆ ಬೀಳುವವನಿಗೆ ಭಾರವಿಲ್ಲ ಎಂಬುದು ಅದರ ಮುಂದಿನ ಹೆಜ್ಜೆಯೇ ಹೊರತು ಬೇರೆ ಪಾಠವಲ್ಲ. ಮಕ್ಕಳು ಅದನ್ನು ಕೇಳಲು ತಯಾರಾಗಿಯೇ ಇದ್ದಾರೆ. 2025ರ ಜೂನ್, ಜುಲೈಯಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲಿದ್ದನ್ನು ಟಿವಿಯಲ್ಲಿ ನೋಡಿದ್ದಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಕಳಿಸಿದ್ದ ಹೆಸರುಕಾಳು, ಮೆಂತ್ಯ ಅಲ್ಲಿ ಮೊಳಕೆ ಬಂದದ್ದೂ ಸುದ್ದಿಯಾಗಿತ್ತು. ‘ಅಲ್ಲಿ ಗುರುತ್ವ ಇಲ್ಲ, ಅದಕ್ಕೇ ತೇಲುತ್ತಾರೆ’ ಎಂದು ಎಷ್ಟು ಶಿಕ್ಷಕರು ಹೇಳಿದರೋ. ನಿಲ್ದಾಣ ಇರುವ 400 ಕಿ.ಮೀ. ಎತ್ತರದಲ್ಲಿ ಗುರುತ್ವ ನೆಲದಲ್ಲಿರುವುದರ ಶೇ. 88ಕ್ಕಿಂತ ಕಡಿಮೆಯಿಲ್ಲ. ತೇಲುವುದು ಬೀಳುತ್ತಲೇ ಇರುವುದರಿಂದ. ಬಿಟ್ಟ ತೆಪ್ಪ.

ನನ್ನ ತೀರ್ಮಾನ ಇಷ್ಟು: ಆರರಿಂದ ಎಂಟನೇ ತರಗತಿಗೆ ಐನ್‌ಸ್ಟೈನ್ ಬರಬಹುದು, ಬರಬೇಕು. ಬಟ್ಟೆ ಹೊತ್ತು, ಸಮೀಕರಣ ಹೊತ್ತು ಅಲ್ಲ. 1907ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯ ಕುರ್ಚಿಯಲ್ಲಿ ಕೂತಾಗ ಅವರಿಗೆ ಹೊಳೆದ ತುದಿಯಿಂದಲೇ: ಬೀಳುತ್ತಿರುವವನಿಗೆ ತನ್ನ ಭಾರ ತಿಳಿಯುವುದಿಲ್ಲ.

ಅದಕ್ಕೆ ಬೇಕಾದ್ದು ಒಂದು ಲೀಟರಿನ ಖಾಲಿ ಬಾಟಲಿ. ತಳದ ಹತ್ತಿರ ದಬ್ಬಣದಿಂದ ತೂತು ಮಾಡಿ, ಬೆರಳಿಂದ ಮುಚ್ಚಿ, ನೀರು ತುಂಬಿ, ಮುಚ್ಚಳ ಹಾಕದೆ ಬೆಂಚಿನ ಮೇಲೆ ಹತ್ತಿ ನಿಲ್ಲಿ. ಬೆರಳು ತೆಗೆದರೆ ನೀರು ಕಮಾನಾಗಿ ಚಿಮ್ಮುತ್ತದೆ. ಈಗ ಬಾಟಲಿಯನ್ನು ಕೈಬಿಟ್ಟರೆ? ನೀರು ಇನ್ನೂ ಜೋರಾಗುತ್ತದೆ ಅನ್ನುವವರೆಷ್ಟು, ಹಾಗೇ ಇರುತ್ತದೆ ಅನ್ನುವವರೆಷ್ಟು, ಕೈ ಎತ್ತಿಸಿ ಬೋರ್ಡಿನ ಮೇಲೆ ಬರೆಯಿರಿ. ಆಮೇಲೆ ಬಿಡಿ. ಬಾಟಲಿ ಬೀಳುವಷ್ಟು ಹೊತ್ತು ತೂತಿನಿಂದ ಒಂದು ಹನಿಯೂ ಚಿಮ್ಮುವುದಿಲ್ಲ. ಕಣ್ಣು ತಪ್ಪಿದವರಿಗೆ ಮೊಬೈಲಿನ ಸ್ಲೋ ಮೋಷನ್ ಇದೆ. ನೀರೂ ಬಾಟಲಿಯೂ ಒಟ್ಟಿಗೇ ಬೀಳುವಾಗ ಯಾವುದೂ ಯಾವುದನ್ನೂ ಒತ್ತುವುದಿಲ್ಲ. ಅದೇ ಮೊಬೈಲಿನಲ್ಲಿ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಹಾಕಿ, ವೇಗೋತ್ಕರ್ಷ ತೋರಿಸುವ ಪುಟ ತೆರೆಯಿರಿ. ಮೇಜಿನ ಮೇಲೆ ಸುಮ್ಮನೆ ಮಲಗಿದ ಫೋನು 9.8ರ ಸುಮಾರು ತೋರಿಸುತ್ತದೆ. ದಪ್ಪ ಹಾಸಿಗೆಯ ಮೇಲೆ ಬೀಳಿಸಿದರೆ, ಬೀಳುವಷ್ಟು ಹೊತ್ತು ಸೊನ್ನೆ.

ಈ ಸಲ ಗುರುತ್ವದ ಪಾಠಕ್ಕೆ ಹೋಗುವ ಮೇಷ್ಟ್ರೇ, ಮೇಡಂ, ಬೋರ್ಡಿನ ಮೇಲೆ ‘ಆಕರ್ಷಣೆ’ ಎಂದು ಬರೆಯುವ ಮೊದಲು ಆ ಬಾಟಲಿಯನ್ನು ಒಮ್ಮೆ ಕೈಬಿಡಿ. ಮಕ್ಕಳು ಕೇಳುವ ಮೊದಲ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ, ಬಸ್ಸಿಗೆ ಹೊತ್ತಾಯಿತು ಎನ್ನಬೇಡಿ.